ಪಕ್ಕದವನ ಬಿಲ್ಲೆಗಳು

ಐಗಾರ್ ಪೆಡಾಸ್ತೆಯ ಹದಿನಾಲ್ಕು ವರ್ಷದ ಬಯಾಥ್ಲಾನ್ ಬದುಕಿನಲ್ಲಿ, ದೊಡ್ಡ ಪಂದ್ಯವೊಂದರ ಕೊನೆಯ ಸುತ್ತಿನಲ್ಲಿ ಐದಕ್ಕೆ ಐದೂ ಗುಂಡು ಗುರಿಬಿಲ್ಲೆಗಳ ನಡುಮಧ್ಯಕ್ಕೆ ಬಿದ್ದದ್ದು ಒಂದೇ ಸಲ. ಆ ಬಿಲ್ಲೆಗಳು ಪಕ್ಕದವನವು.

ಅದು ವಿಶ್ವ ಚಾಂಪಿಯನ್‌ಶಿಪ್. ನಾನು ಎಸ್ಟೋನಿಯಾ ತಂಡದಲ್ಲಿ ಸ್ಕೀಗಳಿಗೆ ಮೇಣ ಹಚ್ಚುವವನು. ಹಿಮದ ಮೇಲೆ ಶ್ವಾಸ ಬಾಯಿಗೆ ಬರುವಂತೆ ಸ್ಕೀ ಓಡಿಸಿಕೊಂಡು ಬಂದು, ಎದೆ ಡವಗುಟ್ಟುತ್ತಿರುವಾಗಲೇ ಬಂದೂಕು ಎತ್ತಿ ಗುರಿಯಿಡುವ ಆಟವಿದು. ಐಗಾರ್ ಕೊನೆಯ ಸಲ ಬಂದೂಕು ಎತ್ತಿದಾಗ ಮೂರನೆಯ ಸ್ಥಾನದಲ್ಲಿದ್ದ. ಮನೆಮನೆಗಳಲ್ಲಿ ಜನ ಟಿವಿ ಮುಂದೆ ಎದ್ದು ನಿಂತಿದ್ದರಂತೆ. ನಮ್ಮವರು ಎದ್ದು ನಿಂತರೆಂದರೆ, ಬೇರೆ ದೇಶದವರು ಬೀದಿಗಿಳಿದು ಕುಣಿದಷ್ಟೇ ಲೆಕ್ಕ.

ಕೋಚ್ ಹಿಲ್ಯಾ ರ್ಯಾತ್ಸೆಪ್ ದುರ್ಬೀನಿನಿಂದ ಕಣ್ಣು ತೆಗೆದು ಕಿರುಚಿದಳು: "ಲೇ ಕತ್ತೆ, ಬಲಗಡೆದು ಕಣೋ ನಿಂದು! ಬಲಗಡೆದು!"

ಅವನಿಗೆ ಕೇಳಿಸಲಿಲ್ಲ. ಎಡಗಡೆಯ ಐದನ್ನೂ ಒಂದೊಂದಾಗಿ ಮುಗಿಸಿ, ಕೈ ಮೇಲೆತ್ತಿ ಹೊರಟ. ಅಧಿಕಾರಿಗಳು ಅಡ್ಡಗಟ್ಟಿ ದಂಡದ ಸುತ್ತಿಗೆ ಅಟ್ಟಿದರು. ತಪ್ಪಿದ ಗುಂಡಿಗೊಂದರಂತೆ ಐದು ಸುತ್ತು. ಅವನು ಅಂತಿಮ ಗೆರೆ ಮುಟ್ಟುವಷ್ಟರಲ್ಲಿ ಸಾಸೇಜ್ ಮಾರುವವನು ಒಲೆ ಆರಿಸುತ್ತಿದ್ದ.

ಪತ್ರಕರ್ತೆ ಮೈಕ್ ಹಿಡಿದಳು. ಐಗಾರ್ ಒಂದೇ ಮಾತು ಹೇಳಿದ: "ಗಾಳಿ."

ಎಂಥ ಶಿಸ್ತಿನ ಗಾಳಿ ನೋಡಿ! ಐದೂ ಗುಂಡುಗಳನ್ನು ಒಂದೇ ಅಳತೆಗೆ ಪಕ್ಕಕ್ಕೆ ಒಯ್ದು, ಒಂದೊಂದು ಬಿಲ್ಲೆಗೆ ಒಂದೊಂದರಂತೆ ಹಂಚಿತ್ತು. ಊರಿಗೆ ಬಂದಾಗ ಯಾರೂ ಏನೂ ಅನ್ನಲಿಲ್ಲ. ನಮ್ಮಲ್ಲಿ ಸುಮ್ಮನಿರುವುದೇ ಮರ್ಯಾದೆ. ಆ ಮರ್ಯಾದೆಯನ್ನು ಅವನು ನಂಬಿಕೆ ಎಂದುಕೊಂಡ. ಮೊದಮೊದಲು ಅವನ ಕತೆಯಲ್ಲಿ ಅದು ಬರೀ ಗಾಳಿಯಾಗಿತ್ತು. ನಿವೃತ್ತನಾದ ವರ್ಷ ಬಿರುಗಾಳಿಯಾಯಿತು. ಟಿವಿಯಲ್ಲಿ ವಿವರಣೆಕಾರನಾಗಿ ಕೂತು ಎಳೆಯರ ಒಂದೊಂದು ತಪ್ಪು ಗುಂಡಿಗೂ ನಾಲಿಗೆ ಚಪ್ಪರಿಸತೊಡಗಿದ ಮೇಲೆ, ಅವತ್ತು ಫರ್ ಮರಗಳೇ ಬುಡಮೇಲಾಗಿದ್ದವು.

ಆಮೇಲೆ ಭಾಷಣಗಳು ಶುರುವಾದವು. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಹಿಲ್ಯಾ ಅವನನ್ನು ಹಿಡಿದುಕೊಂಡಳು. ಎಂಬತ್ತು ದಾಟಿದ್ದರೂ ಅವಳ ಬೆನ್ನು ಸ್ಕೀ ಕೋಲಿನಷ್ಟು ನೆಟ್ಟಗಿತ್ತು.

"ಏನೋ ಐಗಾರ್, ವೋರು ಪಟ್ಣದಲ್ಲಿ ಭಾಷಣ ಮಾಡಿದ್ಯಂತೆ?"

"ಹೌದು ಕೋಚ್. ಹಾಲಿನ ಕಂಪನಿಯವ್ರು ಕರೆದಿದ್ರು. 'ಗುರಿ ಮುಟ್ಟೋದು ಹೇಗೆ' ಅಂತ."

"ಯಾರ ಗುರೀನ?"

ಅವನು ಕಪ್ಪು ರೊಟ್ಟಿಯನ್ನು ಚೀಲಕ್ಕೆ ತುರುಕಿದ. "ಗಾಳಿ ಇತ್ತು ಕೋಚ್. ನೀವೇ ನೋಡಿದ್ರಲ್ಲ."

"ನೋಡ್ದೆ ಕಣಪ್ಪ. ಬಾವುಟ ಒಣಹಾಕಿದ ಮೀನಿನ ಥರ ನೇತಾಡ್ತಿತ್ತು. ಗುರಿಯಿಡೋಕೆ ಬಾರದೋನಿಗೆ ಗಾಳಿ ಡೊಂಕು."

ಅವನು ಪಂಚಾಯಿತಿ ಚುನಾವಣೆಗೆ ನಿಲ್ಲುವ ವರ್ಷ, ಊರಿನ ಸ್ಕೀ ದಾರಿಗೆ ಅವನ ಹೆಸರಿಡಲು ತೀರ್ಮಾನವಾಯಿತು. ಸಮಾರಂಭಕ್ಕೊಬ್ಬ ವಿದೇಶಿ ಅತಿಥಿ ಇರಲಿ ಎಂದು ಗ್ರಂಥಾಲಯದ ಮಾರಿಕಾ ಹುಡುಕಿ ಹುಡುಕಿ ಒಬ್ಬನನ್ನು ಕರೆಸಿದಳು: ಲಾಟ್ವಿಯಾದ ಗುಂಟಿಸ್. ಆ ಎಡಗಡೆಯ ಬಿಲ್ಲೆಗಳ ಒಡೆಯ.

ಐಗಾರ್‌ಗೆ ಇದು ಗೊತ್ತಾದದ್ದು ಸಮಾರಂಭದ ದಿನ ಬೆಳಿಗ್ಗೆ. "ಅವನಿಗೆ ನಮ್ಮ ಭಾಷೆ ಬರಲ್ಲ, ವೇದಿಕೆಗೆ ಹತ್ತಿಸ್ಬೇಡ್ರಿ," ಎಂದು ಮಾರಿಕಾಳ ಮುಂದೆ ಗೋಗರೆದ. "ಕಲಿತ್ಕೊಂಡು ಬಂದಿದಾರೆ ಸರ್, ಪಾಪ," ಎಂದಳು ಅವಳು.

ಗುಂಟಿಸ್ ಬಾಗಿಲು ತುಂಬುವ ಆಳು. ಈಗ ಹೊಗೆಯಾಡಿಸಿದ ಮೀನಿನ ಅಂಗಡಿ ಇಟ್ಟಿದ್ದ. ಅವನು ಹತ್ತಿರ ಬಂದರೆ ಅಂಗಡಿಯೂ ಜೊತೆಗೆ ಬಂದಂತಿತ್ತು. ಮೈಕ್ ಹಿಡಿದು ಶುರು ಮಾಡಿದ:

"ನಂಗೆ ಭಾಷೆ ಸಣ್ಣದು. ಥ್ಯಾಂಕ್ಸ್ ದೊಡ್ಡದು. ಅವತ್ತು ನಾನು ಬಂದೆ, ಉಸಿರು ಹೀಗೆ, ಹಾ ಹಾ ಹಾ. ನೋಡ್ತೀನಿ, ನಂದು ಐದೂ ಬಿದ್ದಿದೆ! ನಾನಿನ್ನೂ ಬಂದೂಕು ಇಳಿಸಿಲ್ಲ! ಅಂದ್ಕೊಂಡೆ, ದೇವ್ರು. ಪಕ್ಕ ನೋಡಿದ್ರೆ, ಐಗಾರ್."

ಅಗ್ನಿಶಾಮಕ ದಳದ ವಾದ್ಯದವನು ತುತ್ತೂರಿಯೊಳಗೇ ನಕ್ಕುಬಿಟ್ಟ. ಅದು ಪೋಂ ಎಂದಿತು.

"ಅಧಿಕಾರಿ ಬಂದು ಬಿಲ್ಲೆ ಸರಿ ಮಾಡೋವರೆಗೆ ನಾನು ನಿಂತೆ. ಉಸಿರು ಬಂತು. ಕಾದ ಟೈಮೂ ವಾಪಸ್ ಕೊಟ್ರು. ಐದೂ ಹೊಡೆದೆ! ಆರನೇ ಸ್ಥಾನ! ನನ್ನ ಜೀವನದಲ್ಲಿ ಅಷ್ಟು ಮೇಲೆ ಯಾವತ್ತೂ ಇಲ್ಲ. ಟಿವಿಲಿ ನೋಡಿ ನನ್ನ ಹೆಂಡ್ತಿ ಕಾಗದ ಬರೆದ್ಳು, ಅವಾಗ ಹೆಂಡ್ತಿ ಅಲ್ಲ. ಈಗ ಮೂರು ಮಕ್ಕಳು. ಐಗಾರ್, ಥ್ಯಾಂಕ್ಸ್!"

ವರ್ಷಗಟ್ಟಲೆ ಹಲ್ಲು ಕಚ್ಚಿ ಕಾಪಾಡಿಕೊಂಡಿದ್ದ ಮರ್ಯಾದೆ ಅಲ್ಲೇ ಸ್ಫೋಟಿಸಿತು. ಪಾದ್ರಿ ಕಣ್ಣೀರು ಒರೆಸಿಕೊಂಡ. ಪಂಚಾಯಿತಿ ಅಧ್ಯಕ್ಷ ಕ್ರಿಂಗೆಲ್ ಎಂಬ ಸಿಹಿ ಬ್ರೆಡ್ಡು ಇಟ್ಟಿದ್ದ ಮೇಜಿಗೆ ಆತುಕೊಂಡು ನಕ್ಕ. ಐಗಾರ್‌ನ ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಮೈಕ್ ಹತ್ತಿರ ಹೋದ. ಗಾಳಿ ಬಂತು ಎಂದುಕೊಂಡೆ ನಾನು. ಆದರೆ ಅವನು ವೇದಿಕೆ ಇಳಿದು ಹೋದ.

ಸಂಜೆ ನನ್ನ ಸೌನಾದ ಬಿಸಿಹಬೆಯಲ್ಲಿ ಐಗಾರ್, ಗುಂಟಿಸ್, ನಾನು ಮೂವರೂ ಬೆತ್ತಲೆ ಕೂತೆವು. ಕಾದ ಕಲ್ಲಿಗೆ ನೀರು ಹೊಯ್ದೆ.

"ಅವತ್ತು ಹೊಡೆದ ಹಾಗೆ ನಾನು ಮತ್ತೆ ಯಾವತ್ತೂ ಹೊಡೀಲಿಲ್ಲ ಕಣೋ," ಎಂದ ಐಗಾರ್, ನೆಲ ನೋಡುತ್ತಾ.

"ಗೊತ್ತು," ಎಂದ ಗುಂಟಿಸ್. "ನಾನು ನೋಡಿದೆ. ಒಂದೂ ಅಂಚಿಗಿಲ್ಲ. ಎಲ್ಲ ಮಧ್ಯ." ಸೌನಾದ ರೂಢಿಯಂತೆ ಬರ್ಚ್ ಎಲೆಯ ಕಟ್ಟಿನಿಂದ ಅವನ ಬೆನ್ನಿಗೆ ಪ್ರೀತಿಯಿಂದ ನಾಲ್ಕು ಬಾರಿಸಿದ.

ನನಗೆ ನಿಜಕ್ಕೂ ಪಾಪ ಅನ್ನಿಸಿತು. ಆದರೆ ಆ ಪಾಪ ಎರಡು ವಾರವೂ ಬಾಳಲಿಲ್ಲ. ಐಗಾರ್ ಹೊಸ ಭಾಷಣ ಹೊರಡಿಸಿದ: "ಇನ್ನೊಬ್ಬರ ಗುರಿಗಾಗಿ ಬದುಕುವುದು". ಅದರಲ್ಲಿ ಗಾಳಿಯ ಸುಳಿವೇ ಇಲ್ಲ. ಸುಸ್ತಾಗಿ ಬರುತ್ತಿದ್ದ ನೆರೆದೇಶದ ಬಡ ಗೆಳೆಯನನ್ನು ಓರೆಗಣ್ಣಿನಲ್ಲಿ ಕಂಡು, ಒಂದು ಕ್ಷಣ ಯೋಚಿಸಿ, ಪದಕವೋ ಮಾನವೀಯತೆಯೋ ಎಂದು ತನ್ನನ್ನೇ ಕೇಳಿಕೊಂಡು, ಬೇಕೆಂದೇ ಎಡಗಡೆಗೆ ಗುರಿಯಿಟ್ಟನಂತೆ. ಗುಂಟಿಸ್‌ನ ಮೂವರು ಮಕ್ಕಳ ಫೋಟೊ ಪರದೆಯ ಮೇಲೆ ಬರುವಾಗ ಪಿಯಾನೊ ಬೇರೆ. ಶರತ್ಕಾಲದ ಚುನಾವಣೆಯಲ್ಲಿ ಊರಿಗೆಲ್ಲ ಹೆಚ್ಚು ಮತ ಬಿದ್ದದ್ದು ಅವನಿಗೇ. ನಕ್ಕವರಿಗೆ ನಕ್ಕದ್ದಕ್ಕೆ ನಾಚಿಕೆಯಾಗಿತ್ತು.

ಗೆದ್ದ ಮೇಲೆ ಊರಿನ ಸಭಾಂಗಣದಲ್ಲಿ ಅದೇ ಭಾಷಣ ಇಟ್ಟುಕೊಂಡ. ಹಿಲ್ಯಾ ಬಂದು ಮುಂದಿನ ಸಾಲಿನಲ್ಲಿ ಕೂತಳು. ಅವಳನ್ನು ಕಂಡದ್ದೇ ಐಗಾರ್‌ನ ಮಾತು ತೊದಲತೊಡಗಿತು. ಓರೆಗಣ್ಣಿನ ಜಾಗಕ್ಕೆ ಬರುವಷ್ಟರಲ್ಲಿ ಎರಡು ಲೋಟ ನೀರು ಕುಡಿದಿದ್ದ. ಹಿಲ್ಯಾ ಕೈ ಎತ್ತಿದಳು.

ಸಭೆಯೆಲ್ಲ ಅವಳ ಕಡೆ ತಿರುಗಿತು. ಐಗಾರ್ ಮೂರನೇ ಲೋಟಕ್ಕೆ ಕೈ ಹಾಕಿದ.

"ಹೇಳಿ ಕೋಚ್."

ಹಿಲ್ಯಾ ಅವನನ್ನೇ ನೋಡುತ್ತಾ ಕೂತಳು. ಆಮೇಲೆ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡಳು.

"ಕಾಫಿ ಯಾವಾಗ ಕೊಡ್ತೀರಪ್ಪ?"

ಜನ ಬದುಕಿದೆವು ಎಂಬಂತೆ ಎದ್ದರು. ಎಲ್ಲರಿಗಿಂತ ಮೊದಲು ಓಡಿದವನು ಐಗಾರ್. ತಾನೇ ಕಾಫಿ ಬಗ್ಗಿಸಿ, ತಟ್ಟೆಯಲ್ಲಿ ಎರಡು ತುಂಡು ಸೇಬಿನ ಕೇಕಿಟ್ಟು, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಅವಳು ಒಂದು ತುಂಡನ್ನು ನನಗೆ ದಾಟಿಸಿ, "ಸಕ್ಕರೆ ಸಾಲದು," ಎಂದಳು. ಅವನು ಮತ್ತೆ ಓಡಿದ.