ಗುರುಲಿಂಗನ ಓಲಾಡುವ ಗೋಡೆ

ಸಡಾದ ಗುಡ್ಡದ ಮೇಲೆ ಗುರುಲಿಂಗನಷ್ಟು ನೆಟ್ಟಗೆ ಟೈಲ್ಸ್ ಕೂಡಿಸುವ ಗೌಂಡಿ ಇನ್ನೊಬ್ಬನಿರಲಿಲ್ಲ. ಹೀಗಂತ ಜನ ಹೇಳುತ್ತಿದ್ದರು. ಜನ ಹೇಳದ ದಿನ ಗುರುಲಿಂಗನೇ ಹೇಳಿಕೊಳ್ಳುತ್ತಿದ್ದ.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಅವನು ಸಮುದ್ರದಂಡೆಯ ಹೋಟೆಲೊಂದಕ್ಕೆ ಟೈಲ್ಸಿನ ಗೋಡೆ ಮಾಡಿಕೊಟ್ಟ. ಪಣಜಿಯ ಯಾರೋ ಕಲಾವಿದ ಬರೆದುಕೊಟ್ಟ ಚಿತ್ರ; ಬರೀ ಕಪ್ಪು-ಬಿಳಿ ಸುರುಳಿ, ಅಲೆ. ಅದರೆದುರು ನಡೆದರೆ ಗೋಡೆಯೇ ನಡೆದಂತಾಗಿ ಫಾರಿನ್ ಮಂದಿ ತಲೆ ಹಿಡಿದುಕೊಂಡು ನಗುತ್ತಿದ್ದರು. ದುಡ್ಡು ಕೊಟ್ಟು ತಲೆ ತಿರುಗಿಸಿಕೊಳ್ಳುವುದೂ ಒಂದು ಚಟವೇ!

"ಸೊಟ್ಟ ಬರದಾನ, ಸೊಟ್ಟ ಕಾಣತೈತಿ. ಇದ್ರಾಗೇನ ದೊಡ್ಡಸ್ತಿಕಿ?" ಎಂದು ಗುರುಲಿಂಗ ಮೂಗು ಮುರಿದ. ಉಳಿದ ಟೈಲ್ಸನ್ನು ಮಾತ್ರ ಹೋಟೆಲಿನ ಸಾಹೇಬರನ್ನು ಕೇಳಿ ಮನೆಗೆ ತಂದ.

ತರಲು ಕಾರಣವಿತ್ತು. ಮಗಳು ಶ್ವೇತಾಳನ್ನು ನೋಡಲು ವೆರ್ಣಾದ ಬಾಲಪ್ಪ ತನ್ನ ಮಗ ಮಾಂತೇಶನನ್ನು ಕರೆದುಕೊಂಡು ಬರುವವನಿದ್ದ. ಶ್ವೇತಾ, ಮಾಂತೇಶ ಇಬ್ಬರದೂ ಒಂದೇ ಫ್ಯಾಕ್ಟರಿ. ಇಬ್ಬರೂ ಬಾಯಿ ಬಿಟ್ಟಿರಲಿಲ್ಲ, ನಿಜ. ಆದರೆ ಎಬ್ಬಿಸಿದರೂ ಏಳದ ಹುಡುಗಿ ಈಗ ಬೆಳಗಿನ ಪಾಳಿಗೆ ಕೋಳಿಗಿಂತ ಮುಂಚೆ ಎದ್ದು ಜಡೆ ಹಾಕಿಕೊಳ್ಳುವುದನ್ನು ಅಪ್ಪ ನೋಡಿರಲಿಲ್ಲವೇ? ಈ ಸಂಬಂಧ ಕುದುರಲೇಬೇಕೆಂದು ಅವನ ಜೀವ ಹೊಡೆದುಕೊಳ್ಳುತ್ತಿತ್ತು. ತೊಡಕೆಂದರೆ ಬಾಲಪ್ಪನೂ ಗೌಂಡಿ, ಅದೂ ಹಳೇ ಹುಲಿ. ಹೋದ ಮನೆಯಲ್ಲೆಲ್ಲ ಮೊದಲು ಗೋಡೆ ನೋಡಿ ಆಮೇಲೆ ಮನುಷ್ಯರನ್ನು ನೋಡುವವನು.

ಗುರುಲಿಂಗ ಪಡಸಾಲೆಯ ಗೋಡೆಗೆ ಒಂದು ಕಪ್ಪು, ಒಂದು ಬಿಳಿ ಎಂದು ಸಾಲು ಹಿಡಿದ. ಮೇಲಿನ ಸಾಲನ್ನು ಅರ್ಧ ಟೈಲ್ಸಿನಷ್ಟು ಪಕ್ಕಕ್ಕೆ ಸರಿಸಿದ. ಇಟ್ಟಿಗೆ ಕಟ್ಟುವ ಕೈಗೆ ಅದೇ ರೂಢಿ. ಸಂದಿಗೆ ಬರೀ ಬೂದು ಸಿಮೆಂಟು ತುಂಬಿದ. ಮುಗಿಸಿ, ಬಾಗಿಲವರೆಗೆ ಹೋಗಿ ತಿರುಗಿ ನೋಡಿದ. ಒಂದು ಸಾಲು ಎಡಕ್ಕೆ ಇಳಿದಿತ್ತು, ಅದರ ಮೇಲಿನದು ಬಲಕ್ಕೆ ಜಾರಿತ್ತು. ದಾರ ಎಳೆದು ಹಿಡಿದ: ನೆಟ್ಟಗೆ. ದಾರ ಬಿಟ್ಟ: ಸೊಟ್ಟ. ಹೋಟೆಲಿನ ಗೋಡೆಯ ಹಾಗೆ ಇದೂ ಕಣ್ಣಿಗೆ ಮೋಸ ಮಾಡುತ್ತಿತ್ತು.

"ಗ್ವಾಡಿಗೆ ದೆವ್ವ ಬಡದೈತಿ ನೋಡ್ರಿ," ಎಂದಳು ಹೆಂಡತಿ ಹುಲಿಗೆವ್ವ.

ಕಿತ್ತು ಮತ್ತೆ ಕೂಡಿಸಲು ಪುರುಸೊತ್ತಿರಲಿಲ್ಲ. ಬೀಗರು ನಾಳೆಯೇ ಬರುವವರು. ಸೀರೆ ಇಳಿಬಿಟ್ಟು ಮುಚ್ಚೋಣವೆಂದರೆ ಗುರುಲಿಂಗನ ಮಾನ ಒಪ್ಪಲಿಲ್ಲ. ಕೊನೆಗೆ ಹುಲಿಗೆವ್ವನೇ ಅಪ್ಪಣೆ ಹೊರಡಿಸಿದಳು: "ಯಾರ ಕೇಳಿದ್ರೂ ನೆಟ್ಟಗ ಕಾಣತೈತಿ ಅನ್ರಿ. ದಾರಾನ ಹೇಳೇತಲ್ಲ, ಸುಳ್ಳೇನಲ್ಲ."

ಮರುದಿನ ಬಾಲಪ್ಪ ಮಗನೊಂದಿಗೆ ಬಂದವನೇ ಗೋಡೆಗೆ ಎದುರಾಗಿ ಕೂತ. ಕಣ್ಣು ಕಿರಿದು ಮಾಡಿದ. ಕತ್ತು ವಾಲಿಸಿದ. ಶ್ವೇತಾ ಅವಲಕ್ಕಿ, ಚಹಾ ತಂದಿಟ್ಟಳು. ಅವನ ನೋಟ ಗೋಡೆ ಬಿಡಲಿಲ್ಲ.

"ಸಾಲು ಹೆಂಗ ಕಾಣತಾವ ತಂಗಿ?" ಎಂದು ಹುಲಿಗೆವ್ವನನ್ನು ಕೇಳಿದ.

"ನೆಟ್ಟಗ ಅದಾವ್ರಿ ಅಣ್ಣಾರ."

"ನಿನಗ, ಮಗಳ?"

"ನೆಟ್ಟಗ್ರಿ," ಎಂದಳು ಶ್ವೇತಾ, ನೆಲ ನೋಡುತ್ತ.

ಕಡೆಗೆ ತನ್ನ ಮಗನನ್ನೇ ಕೇಳಿದ. ಶ್ವೇತಾ ಹಗಲನ್ನು ರಾತ್ರಿ ಎಂದರೂ ದೀಪ ಹುಡುಕುವ ಸ್ಥಿತಿ ಮಾಂತೇಶನದು. "ನೆಟ್ಟಗ ಐತೆಪ್ಪಾ," ಎಂದ.

ಬಾಲಪ್ಪನ ಮುಖ ಸಪ್ಪಗಾಯಿತು. ಚಹಾ ಮುಟ್ಟದೆ ಎದ್ದ. "ಮದಿವಿ ಮಾತು ಸದ್ಯಕ್ಕ ಬ್ಯಾಡ್ರಿ. ತಪ್ಪ ತಿಳಕೋಬ್ಯಾಡ್ರಿ."

ಶ್ವೇತಾ ಸರಕ್ಕನೆ ಒಳಗೆ ಹೋದಳು. ಗುರುಲಿಂಗ ಅಂಗಳದವರೆಗೆ ಬಾಲಪ್ಪನ ಹಿಂದೆ ಓಡಿದ. "ನನ್ನ ಕೆಲಸಾ ಸೊಟ್ಟ ಅಂತ ಹುಡುಗೀನ ಬ್ಯಾಡ ಅಂತೀರೇನ್ರಿ?"

"ನಿಮ್ಮ ಕೆಲಸಕ್ಕ ಏನಾಗೇತ್ರಿ? ಎಲ್ಲಾರಿಗೂ ನೆಟ್ಟಗ ಕಾಣಾಕತ್ತೈತಿ. ನನಗೊಬ್ಬಗ ಸೊಟ್ಟ, ಅದೂ ಓಲಾಡಾಕತ್ತೈತಿ." ಬಾಲಪ್ಪನ ದನಿ ಇಳಿಯಿತು. "ಕಣ್ಣ ಹೋದ ಗೌಂಡಿ ಯಾರಿಗೆ ಬೇಕ್ರಿ? ನಾಳೆ ಮಗನ ಕೊರಳಿಗೆ ಬೀಳಾಂವ ನಾನು. ಬರೋ ಹುಡುಗಿಗೆ ಕುಡ್ಡ ಮಾವನ ಚಾಕರಿ ಯಾಕ ಹಚ್ಚಲಿ?"

ಗುರುಲಿಂಗ ಅತ್ತಿತ್ತ ನೋಡಿದ. ನಿಜ ಹೇಳಿದರೆ ಇಷ್ಟು ವರ್ಷ ಗಳಿಸಿದ ಹೆಸರು ಈ ಅಂಗಳದಲ್ಲೇ ಮಣ್ಣುಪಾಲು; ಅಕ್ಕಪಕ್ಕದವರ ಕಿವಿ ಆಗಲೇ ನೆಟ್ಟಗಾಗಿದ್ದವು. ಹೇಳದಿದ್ದರೆ ಈ ಮನುಷ್ಯ ಇಲ್ಲದ ಕುರುಡನ್ನು ಹೊತ್ತುಕೊಂಡು ಮನೆಗೆ ಹೋಗುತ್ತಾನೆ.

"ನನಗೂ ಸೊಟ್ಟನ ಕಾಣತೈತ್ರೀ!" ಎಂದು ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿಬಿಟ್ಟ. "ನನ್ನ ಹೇಣ್ತಿಗೂ ಸೊಟ್ಟ, ಮಗಳಿಗೂ ಸೊಟ್ಟ. ನಿಮ್ಮ ಮಗನೂ ಸುಳ್ಳ ಹೇಳ್ಯಾನ!"

ಒಳಗೆ ಬಂದು ಗೌಂಡಿಗಳಿಬ್ಬರೂ ದಾರದ ಒಂದೊಂದು ತುದಿ ಹಿಡಿದರು. ನೆಟ್ಟಗೆ. ಬಿಟ್ಟರು. ಸೊಟ್ಟ. ಮಕ್ಕಳ ಹಾಗೆ ಮತ್ತೆ ಹಿಡಿದರು, ಮತ್ತೆ ಬಿಟ್ಟರು. ಬಾಲಪ್ಪ ಮಗನ ಕಡೆ ತಿರುಗಿ "ಖರೇ ಹೇಳಲೇ" ಎಂದು ಗದರಿದ.

"ಸೊಟ್ಟನ ಐತೆಪ್ಪಾ," ಎಂದ ಮಾಂತೇಶ ಪೆಚ್ಚಾಗಿ.

"ಹಂಗಾರ ನನ್ನ ಕಣ್ಣ ಹೋಗಿಲ್ಲಾ!" ಬಾಲಪ್ಪ ನಕ್ಕ, ನಗುತ್ತ ನಗುತ್ತ ಟವೆಲಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಗೋಡೆಗೆ ಬೆನ್ನು ಹಾಕಿ ಕೂತು ಶ್ವೇತಾಳನ್ನು ಕೂಗಿದ.

"ಚಾ ಆರೇತಿ, ಇನ್ನೊಂದ ಸಲ ತಗೊಂಡ ಬಾರವ್ವ. ಬಂದಾಗಿಂದ ಬರೇ ಗ್ವಾಡಿ ನೋಡೇನಿ, ನಿನ್ನ ಮಾರಿನ ನೋಡಿಲ್ಲ."