ನಮ್ಮ ಯಜಮಾನರು ಮಾತಾಡಿದ ದಿನ

ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರಿಹೋಗುತ್ತದೋ ಎನ್ನುವ ಹಾಗೆ ಇರುತ್ತಾರೆ ನಮ್ಮ ಯಜಮಾನರು. ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಅಂಗಡಿ ನಮ್ಮದು. ಹಿಂದಿನ ಮೇಜಿನ ಹತ್ತಿರ ಅವರು, ಮುಂದಿನ ಕೌಂಟರಿನಲ್ಲಿ ನಾನು. ಗಿರಾಕಿ ಏನು ಕೇಳಿದರೂ ಅವರ ಉತ್ತರ ‘ಹೂಂ’ ಒಂದೇ. ನಾಳೆ ಕೊಡುತ್ತೇನೆ ಎನ್ನುವ ಹೂಂ ಯಾವುದು, ಮೋಟಾರು ಸುಟ್ಟುಹೋಗಿದೆ ಎನ್ನುವ ಹೂಂ ಯಾವುದು ಎಂದು ಬಿಡಿಸಿ ಹೇಳುವುದು ನನ್ನ ಕೆಲಸ. ಮದುವೆಯಾದಾಗಿನಿಂದ ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿಕೊಂಡು ಬಂದಿದ್ದೇನೆ. ಅದರಿಂದ ನನಗೇನೂ ಬೇಜಾರಿಲ್ಲ, ಸುಳ್ಳೇಕೆ ಹೇಳಲಿ.

ಒಂದು ದಿನ ಅಂಗಡಿಯ ಮೆಟ್ಟಿಲ ಮೇಲೆ ಜಾರಿಬಿದ್ದೆ. ಪಕ್ಕೆಲುಬು ಮುರಿಯಿತೇನೋ ಎಂದು ಎಕ್ಸ್-ರೇ ತೆಗೆಸಿದರೆ ಪಕ್ಕೆಲುಬು ಕಲ್ಲುಗುಂಡಿನ ಹಾಗಿತ್ತು. ಅದರ ಹಿಂದೆ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿತು. ಸ್ಕ್ಯಾನ್ ಮಾಡಿದಾಗ ಬಟಾಣಿ ಕಾಳಿನಷ್ಟು ಗಂಟು ಎಂದರು. ಬೀಡಿ ಸಿಗರೇಟಿನ ಹೊಗೆಗೆ ಮೂಗು ಮುಚ್ಚಿಕೊಳ್ಳುವವಳು ನಾನು. ನನಗೆ ಯಾಕಪ್ಪಾ ಇದು ಎಂದು ಮೈಯೆಲ್ಲ ಉರಿದುಹೋಯಿತು. ಕ್ಯಾನ್ಸರೋ, ಹಳೆಯ ಸೋಂಕಿನ ಕಲೆಯೋ, ಒಂದು ಚೂರು ತೆಗೆದು ನೋಡದೆ ಹೇಳಲಾಗದಂತೆ. ಆ ಗಂಟೋ ಶ್ವಾಸಕೋಶದ ಅಂಚಿನಲ್ಲಿ, ಬಾಯಿಂದ ಇಳಿಸಿ ನೋಡುವ ಮಾಮೂಲಿ ಕೊಳವೆ ತಲುಪದ ಮೂಲೆಯಲ್ಲಿ ಹೋಗಿ ಕೂತಿತ್ತು. ಹೊರಗಿನಿಂದ ಸೂಜಿ ಚುಚ್ಚಿದರೆ ಗಾಳಿ ಸೋರಿ ಶ್ವಾಸಕೋಶ ಕುಗ್ಗುವ ಅಪಾಯವಿತ್ತು. ಅದಕ್ಕೇ ರೋಬೋಟ್ ಇಟ್ಟು ನೋಡೋಣ ಎಂದರು ಡಾಕ್ಟರು.

ರೋಬೋಟ್ ಎಂದ ಕೂಡಲೇ ನಾನು ಬಿಡುತ್ತೇನೆಯೇ? ಡಾಕ್ಟರು ಚಿಕ್ಕ ವಯಸ್ಸಿನವರು, ಪಾಪ, ತಾಳ್ಮೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟರು. ಯಂತ್ರ ತನ್ನ ಪಾಡಿಗೆ ತಾನು ಒಳಗೆ ಅಲೆಯುವುದಿಲ್ಲವಂತೆ. ಪೆನ್ಸಿಲ್ಲಿಗಿಂತ ಸಣ್ಣ ಕೊಳವೆ ಬಾಯಿಂದ ಉಸಿರಿನ ದಾರಿಗೆ ಇಳಿಯುತ್ತದೆ. ಸ್ಕ್ಯಾನಿನಿಂದ ಮಾಡಿಕೊಂಡ ನಕ್ಷೆಯನ್ನು ಪರದೆಯ ಮೇಲೆ ನೋಡುತ್ತಾ, ಪಕ್ಕದಲ್ಲಿ ಕೂತು, ಕವಲು ಕವಲಿನಲ್ಲೂ ಅದನ್ನು ತಿರುಗಿಸುವವರು ಡಾಕ್ಟರೇ. ಗಂಟಿನ ಹತ್ತಿರ ಹೋದ ಮೇಲೆ ಕೊಳವೆ ಅಲುಗಾಡದಂತೆ ಯಂತ್ರ ಹಿಡಿದಿರುತ್ತದೆ, ಇವರು ಸೂಜಿ ಹಾಕುತ್ತಾರೆ. ಎಲ್ಲ ಕೇಳಿ ಮುಗಿಸಿ ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ನಮ್ಮ ಯಜಮಾನರು ಗಂಟಲು ಸರಿಮಾಡಿಕೊಂಡು, ಕರೆಂಟು ಹೋದರೆ ಏನು ಗತಿ ಎಂದು ಕೇಳಿಬಿಟ್ಟರು. ಡಾಕ್ಟರು ನಕ್ಕು ಬ್ಯಾಟರಿ ಇದೆ ಎಂದರು. ಇವರು ಹೂಂ ಎಂದರು. ಅದು ಸಮಾಧಾನದ ಹೂಂ.

ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಅವರಿಂದ ಮಾತು ತೆಗೆದುಕೊಂಡೆ. ನಮ್ಮ ಪಕ್ಕದ ಮನೆಯಾಕೆಗೆ ಕಾಯಿಲೆ ಬಂದಾಗ ಮನೆಯವರೆಲ್ಲ ಏನೂ ಇಲ್ಲ ಏನೂ ಇಲ್ಲ ಎಂದು ಹಲ್ಲು ಕಿರಿದುಕೊಂಡು ಓಡಾಡಿದ್ದರು. ಕೊನೆಯವರೆಗೂ ಆಕೆ ಒಬ್ಬಳೇ ಊಹಿಸಿಕೊಂಡು ಕೊರಗಿದಳು.

“ಏನೇ ಬರ್ಲಿ, ನನ್ನ ಹತ್ರ ಮುಚ್ಚಿಡಬಾರದು. ಡಾಕ್ಟರು ನಿಮಗೆ ಮೊದ್ಲು ಹೇಳಿದ್ರೆ, ನೀವು ನನಗೆ ಹೇಳ್ಬೇಕು.”

“ಹೂಂ.”

ಪರೀಕ್ಷೆಯ ದಿನ ಅರಿವಳಿಕೆ ಕೊಟ್ಟಿದ್ದಷ್ಟೇ ಗೊತ್ತು. ಎಚ್ಚರವಾದಾಗ ಗಂಟಲಿಗೆ ಉಪ್ಪುಕಾಗದ ಉಜ್ಜಿದ ಹಾಗಿತ್ತು. ಕೊಳವೆ ಹೋಗಿ ಬಂದಿದೆ, ನಾಳೆಯವರೆಗೆ ಮಾತಾಡಕೂಡದು ಎಂದು ನರ್ಸಮ್ಮ ಕಟ್ಟಪ್ಪಣೆ ಮಾಡಿದಳು. ನನಗೆ! ಯಜಮಾನರ ಮುಖ ನೋಡಿ ನಗು ಬಂತು, ನಗಲೂ ಆಗದೆ ಮತ್ತೆ ನಿದ್ದೆಹೋದೆ.

ಯಾರೋ ಒಂದೇ ಸಮನೆ ಮಾತಾಡುತ್ತಿರುವುದು ಕೇಳಿ ಎಚ್ಚರವಾಯಿತು. ಪಕ್ಕದ ಹಾಸಿಗೆಯ ಕಡೆಯವರು ಎಂದುಕೊಂಡೆ. ಕಣ್ಣುಬಿಟ್ಟರೆ ನಮ್ಮ ಯಜಮಾನರು! ನನ್ನ ಕೈ ಹಿಡಿದುಕೊಂಡು ಮಾತಾಡುತ್ತಿದ್ದಾರೆ. ಈ ವಾರ್ಡಿನ ಫ್ಯಾನಿನ ಬೇರಿಂಗು ಹೋಗಿದೆಯಂತೆ, ಆಸ್ಪತ್ರೆಯ ಟೀ ಬರೀ ನೀರಂತೆ. ಕೌಂಟರಿಗೆ ಬೆನ್ನು ಆನಿಸುವ ಕುರ್ಚಿ ಹಾಕಿಸೋಣ, ಅಂಗಡಿಗೆ ನೀನು ಹೇಳಿದ ಹಸಿರು ಬಣ್ಣವನ್ನೇ ಹೊಡೆಸೋಣ. ನಿಮ್ಮ ಅಕ್ಕನ ಮನೆಗೆ ಹೋಗಿ ತಿಂಗಳಿಡೀ ಇದ್ದು ಬರೋಣ, ಹಾಗೇ ಸಮುದ್ರವನ್ನೂ ನೋಡಿಕೊಂಡು ಬರೋಣ. ವರ್ಷಗಟ್ಟಲೆ ನಾನು ಕೇಳಿ ಕೇಳಿ ಸೋತು, ಆಗಲ್ಲ ಎನ್ನುವ ಹೂಂ ಬಿಟ್ಟು ಬೇರೇನೂ ಸಿಗದ ವಿಷಯಗಳೇ ಎಲ್ಲವೂ. ಮೊದಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಸಮುದ್ರದ ಮಾತು ಬರುವಷ್ಟರಲ್ಲಿ, ಇದೆಲ್ಲ ಇವತ್ತೇ ಯಾಕೆ ಎಂದು ಅನುಮಾನ ಬಂತು.

ಕೈ ಒತ್ತಿದೆ. ನಿಲ್ಲಿಸಲಿಲ್ಲ. ಮನೆಗೆ ಹೊಸ ಮಂಚ ತರುವ ವಿಷಯಕ್ಕೆ ಹೋಗಿದ್ದರು. ನರ್ಸಮ್ಮನ ಅಪ್ಪಣೆ ಹಾಳಾಗಲಿ ಎಂದು ಬಾಯಿ ಬಿಟ್ಟೆ. ಒಡಕು ದನಿ, ನನ್ನದೋ ಅಲ್ಲವೋ ಎನ್ನುವ ಹಾಗಿತ್ತು.

“ರೀ, ಸಾಕು. ಕ್ಯಾನ್ಸರ್ ತಾನೆ?”

ಅವರು ನನ್ನ ಮುಖವನ್ನೇ ನೋಡಿದರು.

“ಹೂಂ.”

ಆ ಹೂಂ ನಾನು ಅದುವರೆಗೆ ಕೇಳಿರಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದರು. ನಾನು ನಿದ್ದೆಯಲ್ಲಿದ್ದಾಗ ಡಾಕ್ಟರು ಬಂದಿದ್ದರಂತೆ. ಸೂಜಿಯಲ್ಲಿ ಬಂದ ಚೂರನ್ನು ಅಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾರೆ. ಪೂರ್ತಿ ವರದಿ ಬರಬೇಕು, ಆದರೂ ಅನುಮಾನವಿಲ್ಲ. ಗಂಟು ಇನ್ನೂ ಚಿಕ್ಕದು, ಬೇರೆ ಕಡೆ ಹರಡಿರುವ ಹಾಗೆ ಕಾಣುತ್ತಿಲ್ಲ, ಆಪರೇಷನ್ ಮಾಡಿ ತೆಗೆಯಬಹುದು. ಸಂಜೆ ಬಂದು ನನಗೇ ಎಲ್ಲ ವಿವರಿಸುತ್ತಾರಂತೆ.

“ನಿನಗೆ ಹೇಳೋಣ ಅಂತಲೇ ಶುರುಮಾಡಿದೆ ಕಣೇ. ಆ ಒಂದು ಮಾತು ಬರ್ಲಿಲ್ಲ. ಬೇರೆ ಎಲ್ಲಾ ಬಂತು.”

ನನಗೆ ಅಳು ಬಂತು. ಹೆದರಿಕೆಯೂ ಆಯಿತು, ಬಟಾಣಿಯಷ್ಟಲ್ಲ, ಬೆಟ್ಟದಷ್ಟು. ಆ ಹೆದರಿಕೆಯ ನಡುವೆಯೇ, ಈ ಮನುಷ್ಯ ಇಷ್ಟು ಹೊತ್ತು ನನಗಾಗಿ ಪಟ್ಟ ಪಾಡು ನೆನೆದು ಅವರ ಮೇಲೆ ಹೇಳಲಾರದಷ್ಟು ಪ್ರೀತಿ ಉಕ್ಕಿತು. ಕೌಂಟರಿಗೆ ಮಾತ್ರ ಆ ಹಸಿರು ಬಣ್ಣ ಬೇಡ, ಕೊಳೆ ಕಾಣುತ್ತೆ, ಸಮುದ್ರಕ್ಕೆ ಆಪರೇಷನ್ ಆದ ಮೇಲೆಯೇ ಹೋಗೋದು ಎಂದು ಅಳುತ್ತಲೇ ಶುರುಮಾಡಿದೆ. ದನಿ ಕೇಳಿ ನರ್ಸಮ್ಮ ಓಡಿಬಂದು, ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಗದರಿಸಿದಳು. ನಮ್ಮ ಯಜಮಾನರು ನನ್ನ ಕೈ ಬಿಡದೆ ಅವಳ ಕಡೆ ತಿರುಗಿದರು.

“ಸ್ವಲ್ಪ ಮಾತಾಡ್ಲಿ ಬಿಡಮ್ಮಾ. ಇವಳು ಸುಮ್ಮನಿದ್ರೆ ನನಗೆ ಭಯ ಆಗುತ್ತೆ.”