ಸರ್ಕಲ್ ನಡುವಿನ ನಮಸ್ಕಾರ

ಲಚ್ಯಾಣದ ಮಾಳಿಂಗನ ಗೂಡ್ಸ್ ಗಾಡಿ ಸಂತೆ ಮೇಲೆ ಸಂತೆ ಕಳೆದರೂ ಅಂಗಳ ಬಿಟ್ಟು ಕದಲಿರಲಿಲ್ಲ. ತೋಟದವರು ಲಿಂಬಿಕಾಯಿ ಚೀಲ ಹೊಲಿದಿಟ್ಟು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಮಾಳಿಂಗ ಮಾತ್ರ ಕೀಲಿಯನ್ನು ಗೂಟಕ್ಕೆ ಹಾಕಿ, ತಲೆಯ ಮೇಲೆ ಕೈಹೊತ್ತು ಕಟ್ಟೆಯ ಮೇಲೆ ಕೂತಿದ್ದ.

ಆದದ್ದು ಇಷ್ಟು. ಇಂಡಿಗೆ ಹೋಗುವಾಗ ನಾಲ್ಕು ರಸ್ತೆ ಕೂಡುವಲ್ಲಿ ಹೊಸದಾಗಿ ಒಂದು ದುಂಡನೆಯ ಸರ್ಕಲ್ ಕಟ್ಟಿದ್ದಾರೆ. ಮಾಳಿಂಗ ಲಿಂಬಿ ಹೇರಿಕೊಂಡು ಅದರೊಳಗೆ ಅರ್ಧ ಸುತ್ತು ಬಂದಿದ್ದ. ಎಡಗಡೆಯ ರಸ್ತೆಯಲ್ಲಿ, ಅವನಿಗೆ ಅಕ್ಷರ ಕಲಿಸಿದ ಬಸಂತರಾಯ ಮಾಸ್ತರರು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಕಲಿಸಿದ ಗುರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ತಾನು ಮುಂದೆ ಹೋಗುವುದೇ? ಮಾಳಿಂಗ ಗಕ್ಕನೆ ಬ್ರೇಕ್ ಒತ್ತಿ, ಎರಡೂ ಕೈ ಜೋಡಿಸಿ, "ನೀವ ಹೋಗ್ರಿ ಸರ್" ಎಂದ. ಅವನ ಬೆನ್ನಿಗೇ ಬೈಕಿನಲ್ಲಿ ಬರುತ್ತಿದ್ದವರು ಎದುರುಮನೆಯ ಶಮಶುದ್ದೀನ ಮತ್ತು ಅವನ ಹೆಂಡತಿ ಇಮಾಮಬಿ. ಬೈಕ್ ಗಾಡಿಗೆ ಬಡಿಯಿತು. ಇಮಾಮಬಿ ಕೆಳಗೆ ಬಿದ್ದಳು. ಮುಂಗೈ ಮೂಳೆ ಮುರಿಯಿತು.

ಮಾಳಿಂಗ ಚಿಕ್ಕಂದಿನಿಂದ ಆಕೆಯನ್ನು ಅಕ್ಕ ಎಂದೇ ಕರೆದವನು. ಆಕೆಯ ಪ್ಲಾಸ್ಟರ್ ಕಂಡರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಂಕಟವೆಂದರೆ, ತಾನು ಮಾಡಿದ ತಪ್ಪು ಯಾವುದೆಂದೇ ಅವನಿಗೆ ತಿಳಿಯಲಿಲ್ಲ.

ಚಹಾದ ಅಂಗಡಿಯಲ್ಲಿ ಕೇಳಿ ನೋಡಿದ. ಅಲ್ಲಿ ಬಾಯಿಗೊಂದು ಕಾನೂನು.

"ದೊಡ್ಡ ಗಾಡಿ ಮೊದಲ ಹೋಗಬೇಕು. ಸಣ್ಣಾವು ನಿಲ್ಲಬೇಕು," ಎಂದ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವ ಯಂಕಪ್ಪ.

"ಯಾರು ಮೊದಲ ಹಾರ್ನ್ ಹೊಡೀತಾರ, ಪಾಳಿ ಅವರದು," ಎಂದ ಬೈಕಿನ ಕಲ್ಮೇಶ.

ಆಟೋದ ಬಾಬುಲಾಲ ಇಬ್ಬರನ್ನೂ ನೋಡಿ ನಕ್ಕ. "ಸುತ್ತು ಯಾಕ ಹಾಕ್ತೀರಿ? ಬಲಕ್ಕ ಹೋಗೂದಿತ್ತಂದ್ರ ಸೀದಾ ಬಲಕ್ಕ ಹೊಳ್ಳಿದ್ರಾತು. ನಾ ಹಂಗ ಹೋಗ್ತೇನಿ."

ಮೂವರೂ ಸರಿಯಿದ್ದಂತೆ ಕಂಡಿತು, ಮೂವರೂ ತಪ್ಪಿದ್ದಂತೆಯೂ ಕಂಡಿತು. ಹೋಗುವಾಗ ಒಂದು ಚಿಂತೆ ಇತ್ತು, ಬರುವಾಗ ಮಾಳಿಂಗ ನಾಲ್ಕು ಚಿಂತೆ ಹೊತ್ತು ಬಂದ.

ಅವತ್ತು ಸಂಜೆ ಇಮಾಮಬಿಯ ಮಗಳು ಸುಲ್ತಾನಾ ಅವನ ಕಟ್ಟೆಗೆ ಬಂದಳು. ಸಿಂದಗಿಯಲ್ಲಿ ಶಾಲೆಯ ವ್ಯಾನ್ ಓಡಿಸುವ ಹುಡುಗಿ, ಅಮ್ಮನ ಆರೈಕೆಗೆಂದು ತವರಿಗೆ ಬಂದಿದ್ದಳು.

"ಮಾಮಾ, ನಾಳೆ ಅಮ್ಮಿ ಪ್ಲಾಸ್ಟರ್ ಬಿಚ್ಚಸಾಕ ಇಂಡಿಗೆ ಹೋಗಬೇಕ್ರಿ. ಬೈಕ್ ಅಂದ್ರ ಅಂಜತಾಳ. ಮಾಳಿಂಗನ ಗಾಡಿ ಆದ್ರ ಬರ್ತೇನಿ ಅಂತಾಳ."

"ನನ್ನ ಗಾಡಿನ್ಯಾಗ? ಬ್ಯಾಡವಾ. ಹಿರ್ಯಾರಿಗೆ ಮರ್ಯಾದಿ ಕೊಟ್ಟೆ, ಅಕ್ಕನ ಕೈ ಮುರೀತು. ಮರ್ಯಾದಿ ಕೊಡೂದ ತಪ್ಪಂದ್ರ ನಾ ಗಾಡಿ ಹೊಡಿಯೂದ ಬ್ಯಾಡ."

"ಮರ್ಯಾದಿ ತಪ್ಪಲ್ಲರಿ, ಕೊಟ್ಟ ಜಾಗಾ ತಪ್ಪು. ನೀವು ಕಣದಾಗ ಹಂತಿ ಹೊಡದೀರಿಲ್ಲೋ?"

"ಹೊಡದೇನಿ. ಮೇಟಿ ಸುತ್ತ ಎತ್ತು ತಿರುಗಿಸಿ ಜ್ವಾಳದ ತೆನಿ ತುಳಿಸೇನಿ."

"ತಿರುಗೂವಾಗ ನಡುವ ಒಂದೆತ್ತು ಗಕ್ಕನ ನಿಂತ್ರ?"

"ಎಲ್ಲಾ ತೊಡರಿಕೊಂಡು ಬೀಳ್ತಾವು."

"ಸರ್ಕಲ್ಲೂ ಹಂಗ. ಒಳಗ ತಿರುಗೋರದು ಮೊದಲ ಪಾಳಿ. ಹೊರಗಿಂದ ಬರೋರು ಕಾಯಬೇಕು, ಮಾಸ್ತರ ಇರಲಿ, ಸಾವುಕಾರ ಇರಲಿ. ಮಾಸ್ತರು ಸರಿಯಾಗೇ ನಿಂತಿದ್ರು. ನೀವ ನಿಲ್ಲಬಾರದಲ್ಲೇ ನಿಂತ್ರಿ."

ಮಾಳಿಂಗ ಅಷ್ಟು ಸುಲಭವಾಗಿ ಒಪ್ಪುವ ಆಸಾಮಿಯಲ್ಲ. "ಹೊರಗಿನಾಂವ ಕಾಯದ ನುಗ್ಗಿದ್ರ?"

"ಆಗ ಬ್ರೇಕ್ ಹಾಕ್ರಿ. ಪಾಳಿಗಿಂತ ಜೀವಾ ದೊಡ್ಡದು. ಅದಕ್ಕ ಎಲ್ಲಾರೂ ಸಾವಕಾಶ ಹೋಗಬೇಕು. ನಮ್ಮ ಅಬ್ಬಾನೂ ನಿಮ್ಮ ಗಾಡಿಗೆ ಅಂಟಿಕೊಂಡ ಬರಾಕತ್ತಿದ್ರು. ಅದೂ ತಪ್ಪ. ಅವರಿಗೂ ಹೇಳೇನಿ."

"ಮತ್ತ ಬಾಬುಲಾಲ ಸೀದಾ ಬಲಕ್ಕ ಹೊಳ್ಳತಾನಲ?"

"ಎದುರು ಬರೋರ ಮೈಮ್ಯಾಲ ಹೋಗ್ತಾನ. ಸರ್ಕಲ್ ಯಾವಾಗ್ಲೂ ನಮ್ಮ ಬಲಗೈಗೆ ಇರಬೇಕು. ಸುತ್ತು ದೂರ ಆದ್ರೂ ಮನಿ ಮುಟ್ಟತೇವಿ."

ಮರುದಿನ ಇಮಾಮಬಿ ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಳು. ಶಮಶುದ್ದೀನ ಹೆಲ್ಮೆಟ್ ಹಾಕಿಕೊಂಡು, ಈ ಸಲ ದೂರ ಬಿಟ್ಟು ಹಿಂದೆ ಬಂದ. ಹೋಗುವಾಗ ಸರ್ಕಲ್ ಖಾಲಿ ಇತ್ತು. ಮಾಳಿಂಗ ಬಚಾವಾದ.

ಪರೀಕ್ಷೆ ಬಂದದ್ದು ತಿರುಗಿ ಬರುವಾಗ. ಗಾಡಿ ಸರ್ಕಲ್ ಒಳಗಿದೆ, ಎಡಗಡೆಯ ರಸ್ತೆಯಲ್ಲಿ ಒಂದು ಜೀಪು ಕಾಯುತ್ತಿದೆ, ಜೀಪಿನಲ್ಲಿ ಅಮೋಘಸಿದ್ಧಪ್ಪನವರು. ಮಗಳನ್ನು ಕೊಟ್ಟ ಮನೆಯ ಬೀಗರು! ಅವರು ಕೈ ಎತ್ತಿಯೂ ಬಿಟ್ಟರು. ಬೀಗರ ಮುನಿಸು ಎಂಥದ್ದೆಂದು ಹೆಣ್ಣು ಕೊಟ್ಟವರಿಗೇ ಗೊತ್ತು. ಮಾಳಿಂಗನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ನಿಂತರೆ ಅಕ್ಕನ ಗತಿ ಏನು? ನಿಲ್ಲದಿದ್ದರೆ ಮಗಳ ಗತಿ ಏನು? ಕನ್ನಡಿಯಲ್ಲಿ ಶಮಶುದ್ದೀನನ ಬೈಕ್ ಕಂಡಿತು. ಮಾಳಿಂಗ ಕಾಲು ತೆಗೆದ. ಬೀಗರ ಮುಂದೆಯೇ ಹಾಯ್ದು ಹೋದ. ಎಡಗಡೆಯ ಇಂಡಿಕೇಟರ್ ಹಾಕಿ ಹೊರಬಿದ್ದು, ಸರ್ಕಲ್ಲಿನಿಂದ ದೂರ ಗಾಡಿಯನ್ನು ಬದಿಗೆ ಹಚ್ಚಿ ಇಳಿದ.

ಹಿಂದೆಯೇ ಬಂದ ಬೀಗರು ಜೀಪಿನಿಂದ ಇಳಿದರು. "ಏನ್ರಿ ಬೀಗರ, ಕೈ ಮಾಡಿದ್ರೂ ಹಂಗ ಹೊಂಟ್ರಿ. ನಾವು ಕಣ್ಣಿಗೆ ಬೀಳಲಿಲ್ಲೇನು?"

ಮಾಳಿಂಗ ಕೈಮುಗಿದು ನಿಂತ. ಆಗ ಇಮಾಮಬಿ ಗಾಡಿಯ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಕೈ ಬಡಕಲಾಗಿ ಬಿಳಿಚಿಕೊಂಡಿತ್ತು, ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ.

"ಅಣ್ಣಾರ, ಹ್ವಾದ ಸಲ ಮಾಳಿಂಗ ಅಲ್ಲೇ ನಿಂತು ನಮಸ್ಕಾರ ಮಾಡಿದ್ದ ನೋಡ್ರಿ. ಈ ಕೈಲೆ ಇನ್ನೂ ರೊಟ್ಟಿ ಬಡಿಯಾಕ ಬರವಲ್ದು."

ಬೀಗರು ಆ ಕೈಯನ್ನು ನೋಡಿದರು. "ಯವ್ವಾ," ಎಂದರು ಮೆಲ್ಲಗೆ, "ನಾನೂ ಕಂಡ ಕಂಡಲ್ಲೆ ನಿಂತು ಹಿರ್ಯಾರಿಗೆ ದಾರಿ ಬಿಡಾಂವ. ನನ್ನ ಹಿಂದ ಯಾರ ಬರಾಕತ್ತಾರ ಅಂತ ಒಂದಿನಾನೂ ನೋಡಿಲ್ಲ." ಆಮೇಲೆ ಮಾಳಿಂಗನ ಹೆಗಲ ಮೇಲೆ ಕೈ ಹಾಕಿ, ಚಹಾ ಕುಡಿಯೋಣ ನಡೀರಿ ಎಂದರು.

ಗಾಡಿ ಓಡಿಸುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಸರ್ಕಲ್ ಹತ್ತಿರ ಬಂದಾಗ ವೇಗ ಇಳಿಸಿರಿ. ಬಲಗಡೆ ನೋಡಿರಿ. ಒಳಗೆ ತಿರುಗುತ್ತಿರುವವರು ಹೋಗಲಿ, ಸಂದು ಸಿಕ್ಕಾಗ ಸೇರಿಕೊಳ್ಳಿರಿ. ಎಷ್ಟೇ ಅವಸರವಿದ್ದರೂ ಉಲ್ಟಾ ಹೋಗಬೇಡಿರಿ. ಹೊರಬೀಳುವ ಮುಂಚೆ ಎಡಗಡೆಯ ಇಂಡಿಕೇಟರ್ ಹಾಕಿರಿ, ನಡೆದು ದಾಟುವವರಿದ್ದರೆ ಅವರಿಗೆ ದಾರಿ ಕೊಡಿರಿ. ಆದರೆ ಸರ್ಕಲ್ ಒಳಗೆ, ಅಪಾಯ ಎದುರಾದರೆ ಹೊರತು, ಯಾರಿಗಾಗಿಯೂ ನಿಲ್ಲಬೇಡಿರಿ. ಎದುರಿಗೆ ನಿಂತ ಹಿರಿಯರು ಒಂದು ಗಳಿಗೆ ಕಾಯಬಲ್ಲರು. ಹಿಂದೆ ಬರುವವರಿಗೆ ಆ ಗಳಿಗೆಯೂ ಇರುವುದಿಲ್ಲ.